ಕುಮಟಾ ಎಂಬ ಹತ್ತಿ: ಅಮೆರಿಕದ ಯುದ್ಧ ನಮ್ಮ ಮನೆಯ ಲೆಕ್ಕಕ್ಕೆ ಬಂದ ಬಗೆ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿ ಭತ್ತ ಇದೆ, ತೆಂಗು ಇದೆ, ಮೀನು ಇದೆ. ಆದರೂ ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ’ ಎಂದರೆ ಯಾರಿಗೂ ಊರು ನೆನಪಾಗುತ್ತಿರಲಿಲ್ಲ. ಅದು ಒಂದು ಜಾತಿಯ ಹತ್ತಿಯ ಹೆಸರು. ನಮ್ಮ ಧಾರವಾಡ, ಗದಗ, ನವಲಗುಂದ, ರೋಣದ ಎರೆ ಹೊಲಗಳಲ್ಲಿ ಬೆಳೆದ ಜವಾರಿ ಹತ್ತಿ ಎತ್ತಿನ ಬಂಡಿಯಲ್ಲಿ, ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬೈಗೆ, ಮುಂಬೈಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ. ಬೆಳೆದವನ ಊರಿನ ಹೆಸರು ದಾರಿಯಲ್ಲೇ ಕಳೆದುಹೋಯಿತು, ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು.

ಈ ಹತ್ತಿಯ ಕಥೆಯನ್ನು ಈಗ ಯಾಕೆ ಹೇಳುತ್ತಿದ್ದೇವೆ ಎಂದರೆ, ದೂರದ ದೇಶದ ಒಂದು ಯುದ್ಧ ನಮ್ಮ ಹಳ್ಳಿಯ ಮನೆಯ ದುಡ್ಡಿನ ಲೆಕ್ಕವನ್ನು ಹೇಗೆ ಏರಿಸಿ ಇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಇನ್ನೊಂದಿಲ್ಲ. ಟಿವಿಯಲ್ಲಿ ಉಕ್ರೇನ್ ಯುದ್ಧ ನೋಡಿದ ವರ್ಷವೇ ಅಡುಗೆ ಎಣ್ಣೆ, ಗೊಬ್ಬರದ ದರ ಏರಿದ್ದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಹಿಂದಿನವರಿಗೆ ಟಿವಿ ಇರಲಿಲ್ಲ, ಆದರೆ ದರ ಇತ್ತು.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಜಗಳದ ಮೂಲ ಗುಲಾಮಗಿರಿ. ದಕ್ಷಿಣದ ರಾಜ್ಯಗಳಲ್ಲಿ ಆಗ ಸುಮಾರು 40 ಲಕ್ಷ ಕಪ್ಪು ಜನ ಗುಲಾಮರಾಗಿದ್ದರು, ಅವರಲ್ಲಿ ಬಹಳ ಜನರ ಕೆಲಸ ಹತ್ತಿ ಹೊಲದಲ್ಲಿ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ನೂರಕ್ಕೆ 75 ಪಾಲಿಗಿಂತ ಹೆಚ್ಚು ಬರುತ್ತಿದ್ದುದು ಅಲ್ಲಿಂದಲೇ. ಯುದ್ಧ ಶುರುವಾದ ಒಂದು ವಾರದೊಳಗೆ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಹತ್ತಿ ಹೊರಗೆ ಹೋಗಬಾರದು, ಬಂದೂಕು ಒಳಗೆ ಬರಬಾರದು. ದಾಸ್ತಾನು ಇರುವವರೆಗೆ ಇಂಗ್ಲೆಂಡಿನ ಗಿರಣಿಗಳು ನಡೆದವು, ಆಮೇಲೆ ಒಂದೊಂದಾಗಿ ನಿಂತವು. 1862ರ ಕೊನೆಗೆ ಲ್ಯಾಂಕಶೈರ್ ಕಡೆ 5 ಲಕ್ಷದ ಹತ್ತಿರ ಜನ ಪರಿಹಾರದ ಅನ್ನ ತಿನ್ನುವ ಸ್ಥಿತಿಗೆ ಬಂದಿದ್ದರು.

ಗಿರಣಿ ಮಾಲೀಕರ ಕಣ್ಣು ಆಗ ಭಾರತದ ಕಡೆ ತಿರುಗಿತು.

ಧಾರವಾಡದ ಮೇಲೆ ಅವರ ಕಣ್ಣು ಅದಕ್ಕೂ ಮೊದಲೇ ಇತ್ತು. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಆಗಿದ್ದ ಶಾ ಎಂಬಾತ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ನಮ್ಮ ಎರೆ ನೆಲದಲ್ಲಿ ಬಿತ್ತಿಸಿದ್ದ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಅಮೆರಿಕದಿಂದಲೇ ಕರೆಸಿದ ಒಬ್ಬ ತೋಟಗಾರನ ಕೈಯಲ್ಲಿ ಪ್ರಯೋಗ ನಡೆಯಿತು. ಭಾರತದ ಬೇರೆ ಬೇರೆ ಕಡೆ ಮಾಡಿದ ಇಂಥ ಪ್ರಯೋಗಗಳು ಹೆಚ್ಚಿನವು ಕೈಕೊಟ್ಟವು. ಧಾರವಾಡದಲ್ಲಿ ಮಾತ್ರ ಬೀಜ ಹಿಡಿಯಿತು. ರೈತರು ತಾವಾಗಿಯೇ ಅದನ್ನು ಬಿತ್ತತೊಡಗಿದರು. ಆದರೆ ಈ ಹತ್ತಿಯ ಕಾಳಿಗೆ ಅರಳೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಇಟ್ಟು ಕಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರಲ್ಲ, ಆ ಪದ್ಧತಿ ಇದಕ್ಕೆ ಸಾಗುತ್ತಿರಲಿಲ್ಲ. ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಅದಕ್ಕೆಂದೇ ಸರ್ಕಾರ ಧಾರವಾಡದಲ್ಲಿ ಜಿನ್ ತಯಾರಿಸುವ, ರಿಪೇರಿ ಮಾಡುವ ಕಾರ್ಖಾನೆ ನಡೆಸಿತು. ಹೀಗಾಗಿ ಯುದ್ಧ ಶುರುವಾದಾಗ ನಮ್ಮ ಕಡೆ ಎರಡು ಹತ್ತಿ ಇದ್ದವು. ಒಂದು ಜವಾರಿ, ಅಂದರೆ ‘ಕುಮಟಾ’. ಇನ್ನೊಂದು ಪೇಟೆಯವರು ‘ಧಾರವಾಡ ಅಮೆರಿಕನ್’ ಎಂದು ಕರೆದ ವಿಲಾಯತಿ ಹತ್ತಿ.

ದರ ಏರಿತು. 1864ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಹತ್ತಿಯ ದರ ಯುದ್ಧದ ಮೊದಲಿನ ದರಕ್ಕಿಂತ ಮೂರು ಪಟ್ಟು ದಾಟಿ ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಅಮೆರಿಕದ ಹತ್ತಿಯ ಎಳೆ ಉದ್ದ, ನಮ್ಮದು ಗಿಡ್ಡ. ಗಿರಣಿಯಲ್ಲಿ ಪದೇ ಪದೇ ಎಳೆ ಹರಿಯುತ್ತದೆಂದು ಅಲ್ಲಿನ ಕೆಲಸಗಾರರು ಭಾರತದ ಹತ್ತಿಯನ್ನು ಶಪಿಸುತ್ತಿದ್ದರು. ಅದನ್ನೆಲ್ಲ ಸೇರಿಸಿ ‘ಸೂರತ್’ ಎನ್ನುತ್ತಿದ್ದರು. ಕೊನೆಗೆ ಆ ಕಡೆ ‘ಸೂರತ್’ ಎಂಬ ಮಾತಿಗೆ ಕಳಪೆ ಮಾಲು ಎಂಬ ಅರ್ಥವೇ ಬಂದುಬಿಟ್ಟಿತು. ಬೈದುಕೊಂಡೇ ಕೊಂಡರು, ಬೇರೆ ದಾರಿ ಇರಲಿಲ್ಲ.

ಬೆಲೆ ಏರಿದಾಗ ಎಲ್ಲ ಕಾಲದಲ್ಲೂ ಆಗುವುದೇ ಆಗಲೂ ಆಯಿತು. ಹತ್ತಿಯಲ್ಲಿ ಕಾಳು ಉಳಿಸುವುದು, ಕಸ ಬೆರೆಸುವುದು, ತೂಕ ಬರಲೆಂದು ನೀರು ಹೊಡೆಯುವುದು, ಒಳ್ಳೆಯ ಹತ್ತಿಗೆ ಕೀಳು ಹತ್ತಿ ಕೂಡಿಸುವುದು. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಯಲೆಂದೇ ಕಾಯ್ದೆ ಮಾಡಬೇಕಾಯಿತು, ತಪಾಸಣೆಗೆ ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕಾಯಿತು. ಅಧಿಕಾರಿಗಳ ಬರಹ ಓದಿದರೆ ತಪ್ಪೆಲ್ಲ ರೈತನದೇ, ಊರ ದಲಾಲರದೇ ಎಂಬಂತೆ ತೋರುತ್ತದೆ. ಆದರೆ ಬೆರಕೆ ಹತ್ತಿಯನ್ನು ತಿಳಿದೂ ಕೊಂಡು, ಒತ್ತಿಸಿ, ಹಡಗು ಹತ್ತಿಸಿದವರು ಮುಂಬೈಯ ದೊಡ್ಡ ಮನೆತನದ ವ್ಯಾಪಾರಿಗಳು. ಅವರ ಹೆಸರಿನಲ್ಲಿ ರಸ್ತೆಗಳಿವೆ.

ಈ ಏರಿದ ದರದಲ್ಲಿ ರೈತನ ಕೈಗೆ ಬಂದಿದ್ದೆಷ್ಟು? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ನಮ್ಮ ಕಡೆ ಈ ಹತ್ತಿಯನ್ನು ಮುಂಗಾರು ಕಳೆಯುವ ಹೊತ್ತಿಗೆ ಬಿತ್ತಿ, ಮರುವರ್ಷ ಬೇಸಿಗೆಯ ಮೊದಲಲ್ಲಿ ಬಿಡಿಸುತ್ತಿದ್ದರು. ರೈಲು ಇನ್ನೂ ಇಲ್ಲ. ಹುಬ್ಬಳ್ಳಿ, ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಬಿಡಿಸಿದ ಹತ್ತಿಯನ್ನು ಕಾಳು ತೆಗೆದು, ಅಂಡಿಗೆ ತುಂಬಿ, ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿಸಿ ಮಳೆಗಾಲಕ್ಕೆ ಮೊದಲು ಕುಮಟಾ ಮುಟ್ಟಿಸಬೇಕು. ಜೂನ್ ಬಂದರೆ ಕಡಲು ಏಳುತ್ತದೆ, ಬಂದರು ಮುಚ್ಚುತ್ತದೆ. ಆಗ ಮಾಲು ಮಳೆ ಮುಗಿಯುವವರೆಗೆ ಅಲ್ಲೇ ಬಿದ್ದಿರಬೇಕು. ಅಷ್ಟರಲ್ಲಿ ದರ ಏನಾಗುತ್ತದೋ ಯಾರು ಬಲ್ಲರು? ಬಂಡಿ ಇಟ್ಟುಕೊಂಡು, ಗೋದಾಮು ಇಟ್ಟುಕೊಂಡು, ಕಾಯುವ ತಾಕತ್ತು ಇದ್ದವನಿಗೆ ಮಾತ್ರ ದರದ ಪೂರ್ತಿ ಲಾಭ. ಬಹಳ ರೈತರು ಬೆಳೆ ಹೊಲದಲ್ಲಿ ಇರುವಾಗಲೇ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡಿರುತ್ತಿದ್ದರು. ಮುಂಗಡ ಕೊಟ್ಟವನು ಹೇಳಿದ್ದೇ ದರ. ಅಮೆರಿಕದ ಸುದ್ದಿ ಮೊದಲು ಮುಂಬೈಗೆ, ಆಮೇಲೆ ಹುಬ್ಬಳ್ಳಿಯ ಅಡತಿ ಅಂಗಡಿಗೆ, ಎಲ್ಲರಿಗಿಂತ ಕೊನೆಗೆ ಹೊಲಕ್ಕೆ ಬರುತ್ತಿತ್ತು. ಸುದ್ದಿ ತಡವಾಗಿ ತಿಳಿದವನು ಅಗ್ಗಕ್ಕೆ ಮಾರುತ್ತಾನೆ, ಅಷ್ಟೇ.

ಹಾಗೆಂದು ರೈತನಿಗೆ ಏನೂ ಸಿಗಲಿಲ್ಲ ಎನ್ನುವುದೂ ಸುಳ್ಳಾಗುತ್ತದೆ. ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಇಂಗ್ಲೆಂಡ್ ಹತ್ತಿಗೆ ಬದಲಾಗಿ ಅಷ್ಟು ಸರಕು ಕಳಿಸಲಾಗದೆ ಬೆಳ್ಳಿ ಕಳಿಸಿತು. ಹಡಗುಗಟ್ಟಲೆ ಬೆಳ್ಳಿ ಮುಂಬೈಗೆ ಇಳಿಯಿತು, ರೂಪಾಯಿಯಾಗಿ ಹಳ್ಳಿಗೆ ಬಂತು, ಅಕ್ಕಸಾಲಿಗನ ಕೈಯಲ್ಲಿ ಕಡಗ, ಡಾಬು, ಕಾಲ್ಗೆಜ್ಜೆ ಆಯಿತು. ನಾಗಪುರ, ವಿದರ್ಭದ ಕಡೆ ರೈತರು ಬಂಡಿಯ ಗಾಲಿಗೆ ಬೆಳ್ಳಿ ಪಟ್ಟಿ ಹೊಡೆಸಿದ್ದರು ಎಂಬ ಕಥೆಯನ್ನು ಅನೇಕ ಪುಸ್ತಕಗಳು ಹೇಳುತ್ತವೆ. ಕಲ್ಲು ದಾರಿಯಲ್ಲಿ ಬೆಳ್ಳಿ ಪಟ್ಟಿ ಎಷ್ಟು ದಿನ ಬಾಳೀತು ಎಂದು ಬಂಡಿ ಹೊಡೆದವರು ಯಾರಾದರೂ ಕೇಳಿಯಾರು. ಪಟ್ಟಣದ ಸಾಹೇಬರಿಗೆ ರೈತನ ಕೈಯಲ್ಲಿ ನಾಲ್ಕು ಕಾಸು ಕಂಡರೆ ಹೀಗೇ ಕಾಣುತ್ತದೆ ಎನಿಸುತ್ತದೆ.

ಅದೇ ಹೊತ್ತಿಗೆ ನೇಕಾರನ ಮನೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಹತ್ತಿ ತುಟ್ಟಿಯಾದರೆ ನೂಲು ತುಟ್ಟಿ. ನೂಲು ತುಟ್ಟಿಯಾದಷ್ಟು ಸೀರೆಯ ದರ ಏರಿಸಿದರೆ ಕೊಳ್ಳುವವರಿಲ್ಲ. ದೇಶದ ಎಷ್ಟೋ ಕಡೆ ಆ ವರ್ಷಗಳಲ್ಲಿ ಮಗ್ಗಗಳು ನಿಂತವು. ಕೂಲಿ ಮಾಡುವವರಿಗೆ ಕೂಲಿ ಏರಿತು ನಿಜ, ಆದರೆ ಜೋಳದ ಹೊಲಕ್ಕೆ ಹತ್ತಿ ಬಂದು ಕಾಳಿನ ದರವೂ ಏರಿತು. ಒಂದೇ ಸುದ್ದಿ, ಒಂದೇ ಊರು, ಒಂದು ಓಣಿಯಲ್ಲಿ ಹಬ್ಬ, ಇನ್ನೊಂದು ಓಣಿಯಲ್ಲಿ ಉಪವಾಸ.

ಈಗ ಘಟ್ಟದ ಕೆಳಗೆ ಹೋಗೋಣ. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ದಲಾಲರನ್ನು ಬಿಟ್ಟು ತಾವೇ ಧಾರವಾಡದ ಹತ್ತಿ ಕೊಳ್ಳಬೇಕೆಂದು ‘ಮ್ಯಾಂಚೆಸ್ಟರ್ ಕಾಟನ್ ಕಂಪನಿ’ ಎಂದು ಒಂದು ಕಂಪನಿ ಕಟ್ಟಿದರು. ಕುಮಟಾ ಸಣ್ಣ ಬಂದರು, ಕಾರವಾರ ಒಳ್ಳೆಯ ಬಂದರು, ಅಲ್ಲಿಗೇ ನೇರ ಹಡಗು ತರೋಣ ಎಂದರು. ಹತ್ತಿ ಒತ್ತುವ ಯಂತ್ರಗಳನ್ನು ಕಾಳಿ ನದಿಯ ಬಾಯಿಯ ಸದಾಶಿವಗಡಕ್ಕೆ ಕಳಿಸಿಯೂ ಬಿಟ್ಟರು. ಯಂತ್ರ ಬಂತು, ಇಳಿಸಲು ಕಟ್ಟೆ ಇಲ್ಲ. ಕೈಗಾ ಘಟ್ಟದ ದಾರಿ ಮುಗಿದಿಲ್ಲ. ಇವತ್ತು ಅಣು ವಿದ್ಯುತ್ತಿನಿಂದ ಹೆಸರಾದ ಅದೇ ಕೈಗಾ. ದಾರಿ ಯಾಕೆ ಆಗಲಿಲ್ಲವೆಂದು ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಭಾರತ ಮಂತ್ರಿ ಚಾರ್ಲ್ಸ್ ವುಡ್ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಕಂಪನಿ ಹೆಚ್ಚು ದಿನ ಬಾಳಲಿಲ್ಲ.

ಆದರೆ ಆ ಗಡಿಬಿಡಿಯಲ್ಲಿ ಆದ ಒಂದು ಕೆಲಸ ನಮ್ಮ ನಾಡಿಗೆ ಬಹುಕಾಲ ಉಳಿಯಿತು. ಅಲ್ಲಿಯವರೆಗೆ ಕೆನರಾ ಪೂರ್ತಿ ಮದ್ರಾಸ್ ಪ್ರಾಂತದಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತದಲ್ಲಿ, ಹತ್ತಿ ಇಳಿಯುವ ಕಾರವಾರ ಮದ್ರಾಸ್ ಪ್ರಾಂತದಲ್ಲಿ. ಎರಡು ಸರ್ಕಾರ, ಒಂದು ದಾರಿ, ಕೆಲಸ ಸಾಗುವುದಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಅದಕ್ಕೆ ಒಂದು ಮುಖ್ಯ ಕಾರಣ ಈ ಹತ್ತಿ, ಈ ಬಂದರು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಮತ್ತೆ ಒಂದೇ ಆಡಳಿತದ ಕೆಳಗೆ ಬಂದದ್ದು 1956ರಲ್ಲಿ, ರಾಜ್ಯ ಒಂದಾದಾಗ. ಹೆಚ್ಚುಕಡಿಮೆ ತೊಂಬತ್ತನಾಲ್ಕು ವರ್ಷ.

ಮುಂಬೈಯಲ್ಲಿ ಏನಾಯಿತು? ಆ ಐದು ವರ್ಷಗಳಲ್ಲಿ ಹತ್ತಿಯಿಂದ ಮುಂಬೈಗೆ ಮಾಮೂಲಿಗಿಂತ ಹೆಚ್ಚಾಗಿ ಬಂದ ಹಣ 7 ಕೋಟಿ ಪೌಂಡಿಗೂ ಮಿಗಿಲು ಎಂದು ಆ ಕಾಲದವರು ಲೆಕ್ಕ ಹಾಕಿದ್ದಾರೆ. ಪೌಂಡಿಗೆ ಆಗ ಹತ್ತು ರೂಪಾಯಿ. ಹಣವೇನೋ ಬಂತು, ಹಾಕುವುದೆಲ್ಲಿ? ಹೊಸ ಬ್ಯಾಂಕು, ಹೊಸ ಹಡಗು ಕಂಪನಿ, ಹೊಸ ವಿಮಾ ಕಂಪನಿ, ಸಮುದ್ರ ತುಂಬಿಸಿ ನಿವೇಶನ ಮಾಡುವ ಕಂಪನಿ. 1865ರ ಆರಂಭಕ್ಕೆ ಆ ಒಂದು ಊರಿನಲ್ಲಿ ಮೂವತ್ತರ ಮೇಲೆ ಬ್ಯಾಂಕುಗಳಿದ್ದವು. ಬಹಳ ಕಂಪನಿಗಳಿಗೆ ಹೆಸರಿನ ಫಲಕ ಬಿಟ್ಟರೆ ಬೇರೇನೂ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹುಚ್ಚು ಹಿಡಿಸಿದ್ದು ಬ್ಯಾಕ್‌ಬೇ ಎಂಬಲ್ಲಿ ಸಮುದ್ರ ತುಂಬಿಸುವ ಕಂಪನಿ. 5 ಸಾವಿರ ರೂಪಾಯಿ ಕಟ್ಟಿದ್ದ ಶೇರು 50 ಸಾವಿರದ ಸುತ್ತ ಮಾರಾಟವಾಯಿತು. ನೆಲ ಇನ್ನೂ ನೀರೊಳಗೇ ಇತ್ತು. ಈ ಇಡೀ ಆಟದ ನಡುವೆ ಇದ್ದವನು ಪ್ರೇಮಚಂದ್ ರಾಯ್‌ಚಂದ್ ಎಂಬ ದಲಾಲ, ಆಗಿನ್ನೂ ಮೂವತ್ತೆರಡು ಮೂವತ್ತಮೂರರ ಪ್ರಾಯ. ಅವನು ಒಂದು ಚೀಟಿ ಬರೆದುಕೊಟ್ಟರೆ ಬ್ಯಾಂಕ್ ಆಫ್ ಬಾಂಬೆ ಸಾಲ ಕೊಡುತ್ತಿತ್ತು. ಅಡವಿಗೆ ಏನು? ಶೇರು. ಆ ಶೇರಿನ ಬೆಲೆ ಏರಿದ್ದು ಹೇಗೆ? ಬ್ಯಾಂಕ್ ಕೊಟ್ಟ ಸಾಲದಿಂದ ಜನ ಕೊಂಡದ್ದರಿಂದ. ಬಾವಿಯ ನೀರು ಸೇದಿ ಅದೇ ಬಾವಿಗೆ ಸುರಿದು ‘ನೋಡಿ ನೀರು ಏರುತ್ತಿದೆ’ ಎಂದ ಹಾಗೆ. ಈ ಬ್ಯಾಂಕು ಖಾಸಗಿಯವರದಷ್ಟೇ ಆಗಿರಲಿಲ್ಲ, ಅದರಲ್ಲಿ ಸರ್ಕಾರದ ಪಾಲೂ ಇತ್ತು. 1863ರ ಹೊಸ ಕಾಯ್ದೆಯೇ ಅದಕ್ಕೆ ಶೇರಿನ ಮೇಲೆ ಸಾಲ ಕೊಡುವ ದಾರಿ ಬಿಟ್ಟುಕೊಟ್ಟಿತ್ತು.

ಇದರ ಜೊತೆಗೆ ವಾಯಿದೆ ವ್ಯಾಪಾರ. ಇವತ್ತು ದುಡ್ಡು ಕೊಡಬೇಕಿಲ್ಲ, ಶೇರು ಕೈಗೆ ಬರಬೇಕಿಲ್ಲ, ‘ಜುಲೈ 1ಕ್ಕೆ ಇಷ್ಟು ದರಕ್ಕೆ ಕೊಳ್ಳುತ್ತೇನೆ’ ಎಂದು ಮಾತು ಕೊಟ್ಟರೆ ಸಾಕು. ಗುಮಾಸ್ತರು, ಅಂಗಡಿಯವರು, ಸಂಬಳದ ನೌಕರರು ಎಲ್ಲರೂ ಮಾತು ಕೊಟ್ಟರು. ಇದು ನಿಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲೇ ಈಗ ಡಿಗ್ರಿ ಮುಗಿಸಿದ ಹುಡುಗರು ಮೊಬೈಲಿನಲ್ಲಿ ‘ಆಪ್ಷನ್’ ಆಡುತ್ತಾರಲ್ಲ, ಅದರ ಅಜ್ಜ ಇದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ಕಳೆದ ಒಟ್ಟು ಹಣ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿಯೇ 2024ರಲ್ಲಿ ಪ್ರಕಟಿಸಿದೆ. 1865ರಲ್ಲಿ ಎಣಿಸುವ ಸೆಬಿ ಇರಲಿಲ್ಲ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. ಯುದ್ಧ ಮುಗಿಯುತ್ತದಂತೆ ಎಂಬ ಗಾಳಿಸುದ್ದಿಗೇ ಹಿಂದಿನ ವರ್ಷದ ಕೊನೆಯಿಂದ ಹತ್ತಿಯ ದರ ಅಲುಗಾಡಿತ್ತು. ಈಗ ಕುಸಿಯಿತು. ಜುಲೈ 1 ಬಂತು. ಮಾತು ಕೊಟ್ಟವರು ಯಾರೂ ಕೊಡುವ ಸ್ಥಿತಿಯಲ್ಲಿರಲಿಲ್ಲ. ಒಬ್ಬ ಕೊಡದಿದ್ದರೆ ಅವನಿಂದ ಬರಬೇಕಾದವನೂ ಕೊಡಲಾರ, ಅವನ ಹಿಂದಿನವನೂ ಕೊಡಲಾರ. ದಿವಾಳಿ ಅರ್ಜಿಗಳಿಗೆ ಮಾಮೂಲಿ ಕಾನೂನು ಸಾಲದೆ ಅದೇ ವರ್ಷ ವಿಶೇಷ ಕಾಯ್ದೆ ಮಾಡಬೇಕಾಯಿತು. 50 ಸಾವಿರ ಕಂಡಿದ್ದ ಬ್ಯಾಕ್‌ಬೇ ಶೇರು 2 ಸಾವಿರಕ್ಕೂ ಕೆಳಗೆ ಇಳಿಯಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು ಕೊನೆಗೆ 87 ರೂಪಾಯಿ. 2 ಕೋಟಿ ಚಿಲ್ಲರೆ ಬಂಡವಾಳದಲ್ಲಿ ಬಹುಪಾಲು ಕರಗಿ, 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ ಅದೇ ಹೆಸರಿನಲ್ಲಿ ಹೊಸದು ತೆರೆದರು. ಆ ಹೊಸ ಬ್ಯಾಂಕು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನೊಳಗೆ ಸೇರಿತು, ಅದು 1955ರಲ್ಲಿ ನಿಮ್ಮ ಊರಿನ ಸ್ಟೇಟ್ ಬ್ಯಾಂಕ್ ಆಯಿತು.

ಹತ್ತಿ ವ್ಯಾಪಾರದ ಹುಂಡಿ ನಂಬಿ ಲಂಡನ್ನಿಗೆ ಬ್ಯಾಂಕ್ ತೆರೆಯಲು ಹೋಗಿದ್ದ ಪಾರ್ಸಿ ತರುಣನೊಬ್ಬ ಕೈಯಲ್ಲಿದ್ದ ಕಾಗದಕ್ಕೆ ಬೆಲೆಯೇ ಇಲ್ಲದೆ ಸಾಲಗಾರರ ಮುಂದೆ ನಿಲ್ಲಬೇಕಾಯಿತು. ಅವನ ಹೆಸರು ಜಮ್ಶೆಟ್‌ಜಿ ಟಾಟಾ. ಅವನು ಎದ್ದು ನಿಂತ. ಪ್ರೇಮಚಂದನೂ ಎದ್ದ. ಬೀಳುವ ಮೊದಲು ಅವನು ಮುಂಬೈ ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನದಿಂದ ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರ ಎದ್ದಿದೆ. ಮುಂಬೈಗೆ ಹೋದವರು ಈಗಲೂ ನೋಡಬಹುದು. ದೊಡ್ಡವರು ಬಿದ್ದರೆ ಏಳಲು ಹಿಡಿದುಕೊಳ್ಳುವುದಕ್ಕೆ ಏನಾದರೂ ಇರುತ್ತದೆ.

ಹಳ್ಳಿಯಲ್ಲಿ ಆದದ್ದು ನಿಧಾನವಾಗಿ ಆಯಿತು, ಹಾಗಾಗಿ ಅದರ ಸದ್ದು ಪುಸ್ತಕಗಳಲ್ಲಿ ಕಡಿಮೆ.

ದರ ಏರಿದ ವರ್ಷಗಳಲ್ಲಿ ಸಾವ್ಕಾರ ಕೇಳಿದವರಿಗೆಲ್ಲ ಸಾಲ ಕೊಟ್ಟ. ಯಾಕೆ ಕೊಡಬಾರದು? ಬೆಳೆಗೆ ದರ ಇದೆ. ಬ್ರಿಟಿಷರ ಪೈಮಾಯಿಷಿಯಿಂದ ಹೊಲ ರೈತನ ಹೆಸರಿಗೆ ಖಾತ್ರಿಯಾಗಿದೆ, ಅಂದರೆ ಒತ್ತೆ ಇಡಿಸಿಕೊಳ್ಳಬಹುದು. ಕೋರ್ಟಿದೆ, ಬಾಂಡಿದೆ. ರೈತನೂ ತೆಗೆದುಕೊಂಡ. ಎತ್ತು ಕೊಂಡ, ಬಾವಿ ತೋಡಿದ, ಮಗಳ ಮದುವೆ ಸ್ವಲ್ಪ ಜೋರಾಗಿಯೇ ಮಾಡಿದ. ಮುಂದಿನ ವರ್ಷವೂ ಇದೇ ದರ ಎಂಬ ಲೆಕ್ಕದಲ್ಲಿ ಮಾಡಿದ. ಇದನ್ನು ದುಂದು ಎಂದು ಆಗಿನ ಅಧಿಕಾರಿಗಳು ಬರೆದರು. ಒಪ್ಪಲು ಕಷ್ಟ. ನಾಲ್ಕು ವರ್ಷ ಸತತ ದರ ಏರಿದರೆ ಯಾರಿಗಾದರೂ ಅದೇ ಮಾಮೂಲಿ ದರ ಎನಿಸುತ್ತದೆ. ಮುಂಬೈಯ ಬ್ಯಾಂಕಿನ ಡೈರೆಕ್ಟರುಗಳಿಗೇ ಹಾಗೆ ಎನಿಸಿತ್ತು.

ಹತ್ತಿಯ ದರ ಇಳಿಯಿತು, ಸಾಲ ಇಳಿಯಲಿಲ್ಲ. ಅದರ ಮೇಲೆ 1859ರ ಒಂದು ಕಾಯ್ದೆ ಇತ್ತು. ಸಾಲದ ಬಾಂಡಿನ ಮೇಲೆ ದಾವೆ ಹಾಕಲು ಮೂರು ವರ್ಷದ ಗಡುವು. ರೈತನಿಗೆ ಒಳ್ಳೆಯದಾಗಲಿ, ಹಳೆಯ ಬಾಂಡು ಹಿಡಿದು ಅವನ ಮೊಮ್ಮಕ್ಕಳನ್ನು ಕಾಡದಿರಲಿ ಎಂದು ಮಾಡಿದ್ದು. ಆದದ್ದು ಉಲ್ಟಾ. ಮೂರು ವರ್ಷ ಮುಗಿಯುವ ಹೊತ್ತಿಗೆ ಸಾವ್ಕಾರ ಬಂದು ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಬಾಂಡು ಬರೆಸಿಕೊಳ್ಳುತ್ತಿದ್ದ. ನಾವೇ ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದುಕೊಳ್ಳಿ. 1864ರಲ್ಲಿ ತೆಗೆದ 100 ರೂಪಾಯಿ ಮೂರು ವರ್ಷಕ್ಕೆ 172. ಆ 172ರ ಮೇಲೆ ಹೊಸ ಬಾಂಡು, ಮುಂದಿನ ಮೂರು ವರ್ಷಕ್ಕೆ 295 ದಾಟುತ್ತದೆ. ಇನ್ನೊಮ್ಮೆ ಬರೆದರೆ 1873ಕ್ಕೆ 508. ನಡುವೆ ಒಂದು ಪೈಸೆಯೂ ಹೊಸದಾಗಿ ಕೈಗೆ ಬಂದಿಲ್ಲ. ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತಿದ್ದು ಎಷ್ಟಕ್ಕೆ ಎಂಬುದೂ ಸಾವ್ಕಾರನಿಗೇ ಗೊತ್ತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾವ್ಕಾರರ ಅಂಗಡಿಗಳಿಗೆ ನುಗ್ಗಿದರು. ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹಲವು ಊರುಗಳಿಗೆ ಅದು ಹಬ್ಬಿತು. ಅವರಿಗೆ ಬೇಕಾಗಿದ್ದು ಹಣವಲ್ಲ, ಬಾಂಡು. ಬಾಂಡು ಕೊಟ್ಟ ಸಾವ್ಕಾರನನ್ನು ಹೆಚ್ಚಾಗಿ ಮುಟ್ಟದೆ ಬಿಟ್ಟರು, ಕಾಗದವನ್ನು ಸುಟ್ಟರು. ಆ ಜಿಲ್ಲೆಗಳು ನಮ್ಮಷ್ಟು ಹತ್ತಿಯ ಸೀಮೆ ಅಲ್ಲ. ಅಲ್ಲಿಗೆ ಯುದ್ಧದ ಹಣ ತಲುಪಿದ್ದು ಬಹುಮಟ್ಟಿಗೆ ಕಾಳಿನ ದರ, ರೈಲು ಕೆಲಸದ ಕೂಲಿ, ಬಂಡಿ ಬಾಡಿಗೆಯ ಮೂಲಕ. ಎಲ್ಲವೂ ಅಮೆರಿಕದ ಯುದ್ಧದಿಂದಲೇ ಆಯಿತು ಎಂದು ಹೇಳುವುದು ಅತಿಯಾಗುತ್ತದೆ. ಹೊಸ ಕಂದಾಯದ ಹೊರೆ, ಕೋರ್ಟಿನ ಕಾಟ ಎಲ್ಲವೂ ಕೂಡಿತ್ತು. ಆದರೆ ಸರ್ಕಾರ ನೇಮಿಸಿದ ತನಿಖಾ ಆಯೋಗವೂ ಆ ಯುದ್ಧದ ಕಾಲದ ಏರಿಳಿತವನ್ನು ಕಾರಣಗಳಲ್ಲಿ ಎಣಿಸಿತು. ಆ ಮೇಲೆ 1879ರಲ್ಲಿ ದಖ್ಖನಿನ ರೈತರ ಸಾಲ ಪರಿಹಾರಕ್ಕೆ ಕಾಯ್ದೆ ಬಂತು. ವಿಚಿತ್ರವೆಂದರೆ ಸುಪೆಯಲ್ಲಿ ಬಾಂಡು ಸುಟ್ಟ ಅದೇ 1875ರ ಜುಲೈನಲ್ಲಿ ಮುಂಬೈಯ ದಲಾಲರು ತಮ್ಮ ಶೇರು ವ್ಯಾಪಾರಕ್ಕೆ ಒಂದು ಸಂಘ ಕಟ್ಟಿಕೊಂಡರು. ಇವತ್ತಿನ ಬಿಎಸ್‌ಇ ಅದೇ.

ಧಾರವಾಡದಲ್ಲಿ ಬಾಂಡು ಸುಡುವ ಗಲಾಟೆ ಆಗಲಿಲ್ಲ. ಆದರೆ ಮೂವತ್ತು ವರ್ಷಕ್ಕೆಂದು ನಿಗದಿಯಾಗಿದ್ದ ಕಂದಾಯದ ಗಡುವು 1870ರ ದಶಕದಲ್ಲಿ ಮುಗಿಯುತ್ತ ಬಂತು. ಹೊಸ ದರ ಕಟ್ಟಲು ಅಧಿಕಾರಿಗಳು ಬಂದರು. ಮೂವತ್ತು ವರ್ಷದಲ್ಲಿ ಬೆಲೆ ಎಷ್ಟು ಏರಿದೆ, ಸಾಗುವಳಿ ಎಷ್ಟು ಹೆಚ್ಚಿದೆ, ಊರಲ್ಲಿ ಬಂಡಿ ಎಷ್ಟಿವೆ, ಬಾವಿ ಎಷ್ಟಿವೆ ಎಂದು ಎಣಿಸಿದರು. ಯುದ್ಧದ ವರ್ಷಗಳ ಬಂಡಿ, ಬಾವಿಗಳೂ ಆ ಎಣಿಕೆಯಲ್ಲಿ ಸೇರಿದವು. ಕಂದಾಯ ಏರಿತು. ಹತ್ತಿಯ ದರ ಇಳಿಯಲು ಒಂದು ತಾರು ಸಾಕು, ಕಂದಾಯ ಇಳಿಯಲು ಇನ್ನೊಂದು ಪೈಮಾಯಿಷಿ ಬೇಕು. ಅದು ಮೂವತ್ತು ವರ್ಷದ ಮಾತು.

2022ರಲ್ಲಿ ನಮ್ಮ ಎಪಿಎಂಸಿಗಳಲ್ಲಿ ಹತ್ತಿ ಕ್ವಿಂಟಲ್‌ಗೆ 12 ಸಾವಿರ ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಆ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರ ಗಿರಣಿಗಳಿಗೆ ಹತ್ತಿ ಸಿಗಲೆಂದು 11 ಶೇಕಡಾ ಆಮದು ಸುಂಕ ತೆಗೆಯಿತು. ಮರುವರ್ಷ ಎಷ್ಟೋ ಕಡೆ ದರ 7-8 ಸಾವಿರ. ಆ ನಡುವೆ ಎಷ್ಟು ಹೊಲದ ಲಾವಣಿ ದರ ಏರಿತು, ಎಷ್ಟು ಟ್ರ್ಯಾಕ್ಟರ್ ಕಂತು ಶುರುವಾಯಿತು ಎಂದು ನಿಮ್ಮ ಊರಿನ ಕಟ್ಟೆಯ ಮೇಲೆ ಕೇಳಿದರೆ ಹೇಳುತ್ತಾರೆ. 2025ರ ಆಗಸ್ಟ್‌ನಲ್ಲಿ, ಅಮೆರಿಕ ನಮ್ಮ ಸರಕಿಗೆ 50 ಶೇಕಡಾ ಸುಂಕ ಹಾಕಿದ ಹೊತ್ತಿನಲ್ಲಿ, ಅದೇ ಹತ್ತಿ ಸುಂಕವನ್ನು ಮತ್ತೆ ತೆಗೆದರು. ಹೊಲದಲ್ಲಿ ಆಗ ಮುಂಗಾರು ಹತ್ತಿ ಬೆಳೆದು ನಿಂತಿತ್ತು.

ಆ ಯುದ್ಧದ ಬೆಳ್ಳಿ ಏನಾಯಿತು ಎಂಬುದು ಇನ್ನೂ ಬಾಕಿ ಇದೆ. ರೈತರ ಮನೆಗೆ ಬ್ಯಾಂಕು ಎಂದರೆ ಬೆಳ್ಳಿಯೇ. ಶೇರಿನ ಹಾಗೆ ಮುಳುಗುವುದಿಲ್ಲ, ಬಾಂಡಿನ ಹಾಗೆ ಬೆಳೆಯುವುದಿಲ್ಲ, ಹೆಂಡತಿಯ ಮೈಮೇಲೆ ಇರುತ್ತದೆ. ಆದರೆ ಅಲ್ಲಿಗೂ ದೂರದ ಸುದ್ದಿ ಬಂತು. 1871ರ ನಂತರ ಜರ್ಮನಿ ಬೆಳ್ಳಿ ನಾಣ್ಯ ಬಿಟ್ಟು ಚಿನ್ನಕ್ಕೆ ಹೋಯಿತು, ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಬೇಡದ ಬೆಳ್ಳಿ ಜಗತ್ತಿನ ಪೇಟೆಗೆ ಬಂದು ಬಿತ್ತು. 1870ರ ಆರಂಭದಲ್ಲಿ ಒಂದು ರೂಪಾಯಿಗೆ 23 ಪೆನ್ನಿಯ ಹತ್ತಿರ ಸಿಗುತ್ತಿದ್ದುದು, 1890ರ ದಶಕದ ನಡುವೆ 13ಕ್ಕೆ ಇಳಿಯಿತು. ಕಡಗದ ತೂಕ ಅಷ್ಟೇ ಇತ್ತು.

ಆ ಇಳಿಕೆ ಶುರುವಾದ ಹೊತ್ತಿಗೇ ಧಾತು ಸಂವತ್ಸರ ಬಂತು. 1876ರಲ್ಲಿ ಮಳೆ ಹೋಯಿತು, 1877ರಲ್ಲೂ ಸರಿಯಾಗಿ ಬರಲಿಲ್ಲ. ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ 50 ಲಕ್ಷ ಇದ್ದದ್ದು 1881ಕ್ಕೆ 42 ಲಕ್ಷವೂ ಇರಲಿಲ್ಲ. ಧಾರವಾಡ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಜನ ಕಡಿಮೆಯಾದರು, ಈಗಿನ ವಿಜಯಪುರ, ಬಾಗಲಕೋಟೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಪಾಡು ಇನ್ನೂ ಕೆಟ್ಟದ್ದು. ಜೋಳದ ದರ ಏರಿತು. ಎಲ್ಲರೂ ಒಟ್ಟಿಗೆ ಬೆಳ್ಳಿ ಮಾರಲು ಹೊರಟಾಗ ಅದಕ್ಕೆ ದರ ಎಲ್ಲಿಂದ ಬರಬೇಕು? ಹಳ್ಳಿಯಲ್ಲಿ ಕೊಂಡ ವ್ಯಾಪಾರಿಗಳು ಅದನ್ನು ಮುಂಬೈಗೆ ಕಳಿಸಿದರು. ಬರದ ಆ ವರ್ಷಗಳಲ್ಲಿ ಮುಂಬೈಯ ಸರ್ಕಾರಿ ಟಂಕಸಾಲೆಗೆ ರೈತರ ಮನೆಯ ಬೆಳ್ಳಿ ಒಡವೆ ರಾಶಿರಾಶಿಯಾಗಿ ಬಂದು ಬಿತ್ತು. ಕಡಗ, ಡಾಬು, ಕಾಲ್ಗೆಜ್ಜೆ. ಅವನ್ನು ಕರಗಿಸಿ ಮತ್ತೆ ರೂಪಾಯಿ ಮಾಡಿದರು.